ಹಗುರವಾದ ಸೂರು, ಹಗುರವಾದ ಹೆಜ್ಜೆ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸೀಮೆಯಿಂದ ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹೊರಡುತ್ತಿದ್ದ ಕಮಾನು ಬಂಡಿಯು ಚಲಿಸುವ ಮನೆಯೇ ಆಗಿತ್ತು. ಮೇಲೆ ಬಿದಿರ ಕಮಾನು, ತಾಡಪತ್ರಿ. ಕೆಳಗೆ ಹುಲ್ಲಿನ ಹಾಸು, ಬುತ್ತಿಯ ಗಂಟು. ಎತ್ತಿನ ಹೆಗಲನ್ನು ಅರಿತ ರೈತನು ಅನಗತ್ಯವಾದುದನ್ನು ಹೇರುತ್ತಿರಲಿಲ್ಲ.

ಇಂದು ಎತ್ತಿನ ಜಾಗಕ್ಕೆ ಪಿಕಪ್ ಬಂದಿದೆ. ಎಂಜಿನ್ ಏದುಸಿರು ಬಿಡದೆಂದು ಅದರ ಮೇಲೆ ಕಬ್ಬಿಣದ ಗೂಡು ಕಟ್ಟುವುದು ತಪ್ಪು ಲೆಕ್ಕ. ನೋಂದಣಿ ಪತ್ರದಲ್ಲಿರುವ ಒಟ್ಟು ಭಾರದಿಂದ ಖಾಲಿ ಭಾರವನ್ನು ಕಳೆದರೆ ಉಳಿಯುವುದೇ ಮಿತಿ. ಸೂರು, ಜನ, ಸಾಮಾನು ಎಲ್ಲವೂ ಅದರೊಳಗೇ ಅಡಗಬೇಕು. 100 ಲೀಟರ್ ನೀರೇ 100 ಕಿಲೋ ತೂಗುತ್ತದೆ. ಎತ್ತರದ ಗೂಡು ಗಾಳಿಗೆ ಅಡ್ಡ ನಿಂತು ಡೀಸೆಲ್ ಕುಡಿಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ತಂಗಿದಾಗ ಎಬ್ಬಿಸಿ, ಹೊರಡುವಾಗ ಮಡಚುವ ಕ್ಯಾನ್ವಾಸ್ ಸೂರೇ ಲೇಸು. ಅದು ಕಳಚಿ ಇಳಿಸುವಂತಿರಲಿ. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಒಪ್ಪುವುದಿಲ್ಲ.

ಸೂರಿರುವುದು ತಂಗಲು, ಪಯಣಿಸಲು ಅಲ್ಲ. ಓಡುವ ವಾಹನದ ಹಿಂಬದಿಯಲ್ಲಿ ಮಕ್ಕಳನ್ನು ಕೂರಿಸುವುದು ಜೀವದೊಡನೆ ಆಡುವ ಜೂಜು. ಮುಚ್ಚಿದ ಸೂರಿನೊಳಗೆ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಕೊಲ್ಲಬಲ್ಲದು.

ಬಂಡಿಯು ತಂಗಿದಲ್ಲಿ ಬಿಟ್ಟುಹೋಗುತ್ತಿದ್ದುದು ಸಗಣಿ. ಅದು ನೆಲಕ್ಕೆ ಗೊಬ್ಬರ. ಪಿಕಪ್ಪಿನವರು ಬಿಡುವ ತಟ್ಟೆ, ಬಾಟಲಿಗಳು ಮೊದಲ ಮಳೆಗೇ ಹೊಳೆಯ ಪಾಲು. ತಂದ ಕಸವನ್ನು ಮರಳಿ ಒಯ್ಯಲು ಒಂದು ಗೋಣಿಚೀಲ ಸಾಕು. ಎತ್ತಿನ ಮೇಲಿದ್ದ ಕರುಣೆಯನ್ನು ಹೊಳೆಗೂ ತೋರಬಾರದೇ?