ಮೆಸ್ಸಿನ ಸಾಲಿನ ಪಾಠ
1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಎಂ.ಎ. ಓದಲು ಬರುವ ಹಳ್ಳಿ ಹುಡುಗ ಹುಡುಗಿಯರನ್ನು ಮೊದಲ ತಿಂಗಳು ನೋಡಬೇಕು. ತರಗತಿಯಲ್ಲಿ ಹಿಂದಿನ ಬೆಂಚು, ಹಾಸ್ಟೆಲಿನಲ್ಲಿ ತಮ್ಮೂರ ಕಡೆಯವರದೇ ಗುಂಪು, ಶನಿವಾರ ಸಂಜೆಯಾದರೆ ಬಸ್‌ಸ್ಟ್ಯಾಂಡು. ಈ ಸಂಕೋಚ ಬಿಡಿಸುವುದು ಸ್ವಾಗತ ಸಮಾರಂಭದ ಭಾಷಣವಲ್ಲ (ಅದನ್ನು ಕೇಳಿದವರಾದರೂ ಯಾರು?), ಮೆಸ್ಸು. ತಟ್ಟೆ ಹಿಡಿದು ನಿಂತ ಮುದ್ದೆ ಸೀಮೆಯವನ ಹಿಂದೆ ಜೋಳದ ರೊಟ್ಟಿ ಸೀಮೆಯವನು. ಸಾರಿಗೆ ಉಪ್ಪು ಸಾಲದೆಂದು ಇಬ್ಬರೂ ಗೊಣಗುತ್ತಲೇ ಪರಿಚಯ. ವಾರ ಕಳೆಯುವುದರೊಳಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಯಾಗಿ ನಡಿಗೆ, ಸೆಮಿನಾರಿಗೆ ಒಬ್ಬರೆದುರು ಒಬ್ಬರ ತಾಲೀಮು. ಮೆಸ್ಸಿನ ಸಾಲು ಯಾರ ಜಾತಿಯನ್ನೂ ಕೇಳುವುದಿಲ್ಲ. ಆದರೂ ಜಾತಿ ತಿಳಿದುಕೊಂಡೇ ಸ್ನೇಹ ಬೆಳೆಸುವ ಚಾಳಿ ನಮ್ಮ ನಾಡಿನ ಕ್ಯಾಂಪಸ್ಸುಗಳಿಂದ ಪೂರ್ತಿ ತೊಲಗಿಲ್ಲ. ಸೀನಿಯರುಗಳೇ, ಹೊಸಬರನ್ನು ಯಾವ ಊರು, ಯಾವ ವಿಭಾಗ ಎಂದು ಧಾರಾಳವಾಗಿ ಕೇಳಿ. ಯಾವ ಜನ ಎಂದು ಮಾತ್ರ ಕೇಳಬೇಡಿ.