ಬಿಸಿಲಲ್ಲಿ ದೊಡ್ಡ ಮೀನು ಎಲ್ಲಿರುತ್ತೆ?

ಏಪ್ರಿಲ್ ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರಿನಿಂದ ಬರುತ್ತೆ. ‘ರಜೆಗೆ ಊರಿಗೆ ಬರ್ತಿದೀನಿ ಮಗಾ, ಗೊರವನಹಳ್ಳಿ ಕಡೆ ಗಾಳ ಹಾಕೋಣ್ವಾ? ಈ ಬಿಸಿಲಲ್ಲಿ ದೊಡ್ಡ ಮೀನು ಎಲ್ಲಿರುತ್ತೆ?’ ಕೇಳೋರಲ್ಲಿ ಮುಕ್ಕಾಲು ಪಾಲು ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಹುಡುಗರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡೋ ಬದಲು ಈ ಸಲ ಅಂಕಣದಲ್ಲೇ ಬರೆದುಬಿಡ್ತೀನಿ.

ಉತ್ತರ ಒಂದೇ ಸಾಲಿನದು. ಬೇಸಿಗೆಯಲ್ಲಿ ದೊಡ್ಡ ಮೀನನ್ನು ಹುಡುಕಬೇಡಿ, ಉಸಿರು ಎಲ್ಲಿದೆ ಅಂತ ಹುಡುಕಿ. ಮೀನು ಅಲ್ಲೇ ಇರುತ್ತೆ.

ಮೊದಲು ಯೂಟ್ಯೂಬ್ ವಿಚಾರ. ಗಾಳದ ವಿಡಿಯೋ ಅಂತ ಹುಡುಕಿದ್ರೆ ಅಮೆರಿಕದ ಬ್ಯಾಸ್ ಮೀನಿನ ವಿಡಿಯೋಗಳೇ ಸಾಲಾಗಿ ಬರ್ತವೆ. ಬ್ಯಾಸ್ ಅಂದ್ರೆ ಅಲ್ಲಿನ ಕೆರೆ, ಸರೋವರಗಳ ದೊಡ್ಡ ಬಾಯಿಯ ಬೇಟೆಗಾರ ಮೀನು. ಅವರು ಹೇಳೋದು ಇಷ್ಟು: ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗುತ್ತೆ, ಆಗ ದೊಡ್ಡ ಬ್ಯಾಸ್ ಆಳದ ತಂಪಿಗೆ ಇಳಿಯುತ್ತೆ, ನೀವೂ ಆಳಕ್ಕೆ ಗಾಳ ಬಿಡಿ. ಅವರ ಸರೋವರಗಳಿಗೆ ಅದು ಸರಿಯಾದ ಮಾತೇ. ಆದ್ರೆ ನಮ್ಮ ಕೆರೆಗಳಲ್ಲಿ ಮೇ ತಿಂಗಳಲ್ಲಿ ಆಳ ಅನ್ನೋದು ಎಲ್ಲಿರುತ್ತೆ? ತೂಬಿನ ಹತ್ತಿರ ಎದೆಮಟ್ಟ, ಉಳಿದ ಕಡೆ ಮೊಣಕಾಲುದ್ದ, ಅದರಾಚೆ ಬಿರುಕು ಬಿಟ್ಟ ಮಣ್ಣು, ಕರಿಜಾಲಿ. ಹಾಗಾಗಿ ಆ ಸಲಹೆಯನ್ನು ಇಲ್ಲಿಗೆ ತಂದು ಪ್ರಯೋಜನ ಇಲ್ಲ. ನಮ್ಮ ನೀರಿನ ಲೆಕ್ಕವೇ ಬೇರೆ.

ಆ ಲೆಕ್ಕ ಹೀಗಿದೆ. ಒಂದು ಲೀಟರ್ ನೀರು 20 ಡಿಗ್ರಿ ತಾಪದಲ್ಲಿ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತೆ. ಅದೇ ನೀರು 30 ಡಿಗ್ರಿಗೆ ಕಾದರೆ ಏಳೂವರೆ ಮಿಲಿಗ್ರಾಂ ಅಷ್ಟೇ. ಇನ್ನೊಂದು ಕಡೆ ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ಬಿಸಿಯಾದಷ್ಟೂ ಅದರ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕು. ಆದಾಯ ಕಮ್ಮಿ, ಖರ್ಚು ಜಾಸ್ತಿ. ಜೊತೆಗೆ ರಾತ್ರಿ ಹೊತ್ತು ಪಾಚಿ, ಜೊಂಡು ಎಲ್ಲವೂ ಆಮ್ಲಜನಕ ಬಿಡೋದು ನಿಲ್ಲಿಸಿ ತಾವೇ ಉಸಿರಾಡ್ತವೆ. ಆದ್ದರಿಂದ ಕೆರೆಯಲ್ಲಿ ಆಮ್ಲಜನಕ ತೀರಾ ಕಮ್ಮಿ ಇರೋದು ಬೆಳಕು ಹರಿಯೋಕೆ ಸ್ವಲ್ಪ ಮುಂಚೆ. ಬಿಸಿಲು ಬಿದ್ದ ಮೇಲೆ ಪಾಚಿ ಕೆಲಸ ಶುರು ಮಾಡುತ್ತೆ, ಮಧ್ಯಾಹ್ನ ಕಳೆಯೋ ಹೊತ್ತಿಗೆ ಮಟ್ಟ ಏರುತ್ತೆ.

ಈಗ ನಮ್ಮ ಜಾಗಕ್ಕೆ ಬರೋಣ. ಗೊರವನಹಳ್ಳಿ ಅಂದ್ರೆ ಎಲ್ಲರಿಗೂ ಮಹಾಲಕ್ಷ್ಮಿ ದೇವಸ್ಥಾನ ನೆನಪಾಗುತ್ತೆ. ಪಕ್ಕದಲ್ಲೇ ಜಯಮಂಗಲಿ ನದಿಗೆ ಕಟ್ಟಿದ ತೀತಾ ಜಲಾಶಯ ಇದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟೋ ಈ ನದಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ವರ್ಷದಲ್ಲಿ ಬಹುಪಾಲು ಮರಳೇ ಕಾಣೋ ನದಿ ಇದು. ಹಾಗಾಗಿ ಜಲಾಶಯ, ಸುತ್ತಮುತ್ತಲ ಕೆರೆಗಳೇ ಮೀನಿಗೆ ಆಸರೆ.

ಈ ನೀರಲ್ಲಿ ಎರಡು ಗುಂಪಿನ ಮೀನಿದೆ ಅಂತ ಇಟ್ಟುಕೊಳ್ಳಿ. ಮೊದಲನೇದು ಬಿತ್ತನೆ ಮಾಡಿ ಸಾಕೋ ಗೆಂಡೆ ಜಾತಿ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಇವು ನೀರಿನಲ್ಲಿ ಕರಗಿರೋ ಆಮ್ಲಜನಕವನ್ನೇ ನಂಬಿಕೊಂಡಿರೋವು. ಬೆಳಗಿನ ಜಾವ ಇವು ಬಾಯಿ ತೆರೆದು ನೀರಿನ ಮೇಲೆ ಬರ್ತಿದ್ರೆ ‘ಓಹೋ, ಹಸಿದಿದಾವೆ’ ಅಂದ್ಕೋಬೇಡಿ. ಅದು ಉಸಿರಿನ ಪರದಾಟ. ಆಗ ಎಂಥ ಹಿಟ್ಟು ಹಾಕಿದ್ರೂ ಮುಟ್ಟಲ್ಲ. ಇವಕ್ಕೆ ಸಂಜೆ ನಾಲ್ಕರ ಮೇಲೆ ಕೂರಬೇಕು, ಅದೂ ಗಾಳಿ ಬಡಿಯೋ ದಡದಲ್ಲಿ. ಅಲೆ ಬಂದು ಬಡಿಯೋ ಕಡೆ ಗಾಳಿ ನೀರಿಗೆ ಬೆರೆಯುತ್ತೆ, ಮೇವೂ ತೇಲಿ ಬರುತ್ತೆ. ನಮ್ಮ ಸೀಮೆಯ ಕಡ್ಲೇಕಾಯಿ ಹಿಂಡಿಯನ್ನು ರಾಗಿಹಿಟ್ಟಿನ ಜೊತೆ ಕಲಸಿ ಉಂಡೆ ಮಾಡಿದ್ರೆ ಅದಕ್ಕಿಂತ ಒಳ್ಳೆ ಮೇವು ಅಂಗಡಿಯಲ್ಲಿ ಸಿಗಲ್ಲ.

ಎರಡನೇ ಗುಂಪು ಈ ಲೇಖನದ ನಾಯಕ, ಕೊರಮೀನು. ಮರಲು ಅನ್ನಿ, ಕೊರವ ಅನ್ನಿ, ಎಲ್ಲಾ ಒಂದೇ. ಹಾವಿನಂಥ ತಲೆ, ಉದ್ದನೆ ಮೈ, ಬಾಯ್ತುಂಬ ಹಲ್ಲು. ಕಪ್ಪೆ, ಸಣ್ಣ ಮೀನು, ಏಡಿಮರಿ ಏನು ಸಿಕ್ಕರೂ ನುಂಗುತ್ತೆ. ಅಮೆರಿಕದವರ ಬ್ಯಾಸ್ ಮಾಡೋ ಕೆಲಸವನ್ನು ನಮ್ಮ ಕೆರೆಯಲ್ಲಿ ಮಾಡೋದು ಇದು. ತೆಲಂಗಾಣ ಇದನ್ನು ತನ್ನ ರಾಜ್ಯ ಮೀನು ಅಂತ ಮಾಡಿಕೊಂಡಿದೆ.

ಕೊರಮೀನಿನ ದೊಡ್ಡ ಗುಟ್ಟು ಅಂದ್ರೆ ಅದು ನಮ್ಮ ಹಾಗೆ ಗಾಳಿ ಉಸಿರಾಡುತ್ತೆ. ಕಿವಿರು ಇದೆ, ಆದ್ರೆ ಅದೊಂದೇ ಸಾಲದು. ತಲೆಯೊಳಗೆ ಗಾಳಿ ತುಂಬಿಕೊಳ್ಳೋ ಒಂದು ಗೂಡು ಇದೆ. ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು ಒಂದು ಗುಟುಕು ಗಾಳಿ ತಗೊಂಡು ಹೋಗಬೇಕು. ಬಲೆಗೆ ಸಿಕ್ಕಿ ಮೇಲೆ ಬರೋಕೆ ಆಗದಿದ್ರೆ ನೀರೊಳಗೇ ಉಸಿರು ಕಟ್ಟಿ ಸಾಯುತ್ತೆ. ಅದಕ್ಕೇ ಇದು ಬಕೆಟ್‌ನ ಅಂಗೈಯಗಲ ನೀರಲ್ಲೂ ಜೀವ ಹಿಡಿದಿರುತ್ತೆ, ಕೆರೆ ಬತ್ತಿದ್ರೆ ಹಸಿ ಕೆಸರೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ.

ಹಾಗಾದ್ರೆ ಹುಡುಕೋದು ಹೇಗೆ? ಬೆಳಗ್ಗೆ ಐದೂವರೆಗೆ ಏರಿ ಮೇಲೆ ಸುಮ್ಮನೆ ಕೂತ್ಕೊಳ್ಳಿ. ಮೊದಲ ಅರ್ಧ ಗಂಟೆ ಗಾಳ ಬಿಚ್ಚಬೇಡಿ. ಗೆಂಡೆ ಮೇಲೆ ಬಂದಾಗ ನೀರು ಚಿಮ್ಮುತ್ತೆ, ಸದ್ದು ಚಪ್ ಅಂತ ಬರುತ್ತೆ. ಕೊರಮೀನು ಉಸಿರು ತಗೊಂಡಾಗ ಗುಳುಕ್ ಅಂತ ಒಂದು ದಪ್ಪ ಸದ್ದು, ನೀರಿನ ಮೇಲೆ ಒಂದೇ ಉಂಗುರ, ಹಿಂದೆ ಎರಡು ಮೂರು ಗುಳ್ಳೆ. ನೀರು ಬಿಸಿಯಾದಷ್ಟೂ ಅದು ಬೇಗ ಬೇಗ ಮೇಲೆ ಬರಬೇಕು. ಒಂದೇ ಜಾಗದಲ್ಲಿ ಮೂರು ಸಲ ಉಂಗುರ ಕಂಡರೆ ಅದೇ ಅದರ ಮನೆ. ಜೊಂಡಿನ ಅಂಚು, ತಾವರೆ ಎಲೆ ನಡುವಿನ ಕಿಂಡಿ, ನೀರಿಗೆ ಬಾಗಿದ ಜಾಲಿಯ ನೆರಳು, ಇವು ಮೂರು ನೋಡಿ. ಗೆಂಡೆ, ಸಣ್ಣ ಮೀನುಗಳು ಉಸಿರಿಗೆ ಪರದಾಡಿ ಮೇಲೆ ಬರೋ ಹೊತ್ತೇ ಕೊರಮೀನಿಗೆ ಬೇಟೆಯ ಹೊತ್ತು. ನೀರಲ್ಲಿ ಆಮ್ಲಜನಕ ಇಲ್ಲ ಅನ್ನೋದು ಅದಕ್ಕೆ ತಲೆಬಿಸಿಯೇ ಅಲ್ಲ.

ಹಿಡಿಯೋದಕ್ಕೆ ದುಬಾರಿ ಸಾಮಾನು ಬೇಡ. ಗಟ್ಟಿ ರಾಡು, ಸಾಧಾರಣ ರೀಲು, ನೈಲಾನ್ ತಂಗೂಸಿ ಬದಲು ಹೆಣೆದ ದಾರ. ಜೊಂಡಿಗೆ ಸುತ್ತಿಕೊಂಡ್ರೆ ತೆಳು ನೈಲಾನ್ ತಡೆಯಲ್ಲ. ಜೊತೆಗೆ ಒಂದು ರಬ್ಬರ್ ಕಪ್ಪೆ. ಇದರ ಕೊಕ್ಕೆ ಬೆನ್ನಿಗೆ ಅಂಟಿಕೊಂಡಿರೋದ್ರಿಂದ ಎಲೆಗೆ ಸಿಕ್ಕಿಕೊಳ್ಳಲ್ಲ. ಬ್ಯಾಸ್ ಹಿಡಿಯೋಕೆ ಅಂತ ಮಾಡಿದ ಈ ಕಪ್ಪೆ ನಮ್ಮ ಕೊರಮೀನಿಗೆ ಹೇಳಿ ಮಾಡಿಸಿದ ಹಾಗಿದೆ. ಉಂಗುರ ಕಂಡ ಜಾಗಕ್ಕೆ ನೇರ ಎಸೀಬೇಡಿ, ಹೆದರುತ್ತೆ. ಎರಡು ಮಾರು ಆಚೆ ಎಸೆದು ಎಲೆ ಮೇಲೆ ನಿಧಾನಕ್ಕೆ ಎಳ್ಕೊಂಡು ಬನ್ನಿ, ಕಿಂಡಿ ಬಂದ ಕಡೆ ಒಂದು ಕ್ಷಣ ನಿಲ್ಲಿಸಿ. ನೀರು ಸಿಡಿದ ತಕ್ಷಣ ಎಳೆದ್ರೆ ಬಾಯಿಂದ ಕಪ್ಪೆ ಜಾರುತ್ತೆ. ಮನಸ್ಸಲ್ಲೇ ಒಂದು, ಎರಡು ಎಣಿಸಿ, ದಾರದಲ್ಲಿ ಭಾರ ಗೊತ್ತಾದ ಮೇಲೆ ಜಗ್ಗಿ. ಬಿಸಿಲು ಏರಿದ ಮೇಲೆ, ಅಂದ್ರೆ ಒಂಬತ್ತರ ನಂತರ, ಸುತ್ತಿಟ್ಟು ಮನೆಗೆ ಹೋಗೋದು ಒಳ್ಳೇದು.

ಇಷ್ಟು ಓದಿದ ಮೇಲೆ ನಿಮಗೂ ಒಂದು ವಿಷಯ ಹೊಳೆದಿರಬೇಕು. ಬೇಸಿಗೆಯಲ್ಲಿ ದೊಡ್ಡ ಕೊರಮೀನನ್ನು ಹಿಡಿಯೋದು ಸುಲಭ ಆಗೋದು ನಮ್ಮ ಜಾಣತನದಿಂದ ಅಲ್ಲ. ನೀರು ಕಮ್ಮಿ, ಅಡಗೋ ಜಾಗ ಕಮ್ಮಿ, ಉಸಿರಿಗೆ ಮೇಲೆ ಬರಲೇಬೇಕು. ಅಂಥ ಹೊತ್ತಲ್ಲಿ ಎಷ್ಟು ಹಿಡೀಬೇಕು ಅನ್ನೋದು ಎಲ್ಲಿ ಹಿಡೀಬೇಕು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ಕೆರೆ ಗುತ್ತಿಗೆ ಹಿಡಿದ ಹಿರಿಯರೊಬ್ಬರು ನನಗೆ ಹೇಳಿದ್ದು: ‘ಗೆಂಡೆ ಮರೀನ ವರ್ಷಾ ವರ್ಷಾ ತಂದು ಬಿಡ್ತೀವಿ ಕಣಪ್ಪಾ. ಕೊರಮೀನ್ನ ಯಾರು ತಂದು ಬಿಡ್ತಾರೆ? ಆ ಗುಂಡೀಲಿ ಉಳಿದಿರೋದೇ ಮುಂದಿನ ವರ್ಷದ ಬೀಜ.’

ಮಾತು ನೂರಕ್ಕೆ ನೂರು ನಿಜ. ಕೊರಮೀನು ಮರಿ ಮಾಡೋದು ಹೊಸ ಮಳೆ ನೀರು ಬಂದ ಮೇಲೆ. ಜೊಂಡಿನ ನಡುವೆ ಜಾಗ ಬಿಡಿಸಿಕೊಂಡು ಮೊಟ್ಟೆ ಇಡುತ್ತೆ, ಮೊಟ್ಟೆ ಮೇಲೆ ತೇಲ್ತವೆ. ಮರಿ ಹೊರಬಂದ ಮೇಲೂ ತಾಯಿ ತಂದೆ ಬಿಟ್ಟು ಹೋಗಲ್ಲ. ಕೆಂಪು ಕಿತ್ತಳೆ ಬಣ್ಣದ ಸಾವಿರಾರು ಮರಿಗಳು ಒಂದು ಚೆಂಡಿನ ಹಾಗೆ ಗುಂಪಾಗಿ ಮೇಲೆ ಮಿನುಗ್ತಾ ಇರ್ತವೆ, ಕೆಳಗೆ ದೊಡ್ಡ ಮೀನು ಕಾವಲು. ಆಗ ಅದರ ಮುಂದೆ ಏನು ಬಿದ್ರೂ ಬಂದು ಕಚ್ಚುತ್ತೆ. ಹಸಿವಿಗಲ್ಲ, ಮರಿ ಕಾಯೋಕೆ. ಆ ಒಂದು ಮೀನು ಹಿಡಿದ್ರೆ ಅದೇ ದಿನ ಗೆಂಡೆ, ಜಿಲೇಬಿ ಮೀನು, ಕೊಕ್ಕರೆ ಸೇರಿ ಮರಿಗಳನ್ನು ಮುಗಿಸ್ತವೆ.

ಅದಕ್ಕೇ ನಮ್ಮ ಗುಂಪಿನವರು ಮಳೆ ನಕ್ಷತ್ರದ ಲೆಕ್ಕ ಇಟ್ಟುಕೊಂಡಿದೀವಿ. ಭರಣಿ ಮಳೆ ಮುಗಿಯೋವರೆಗೆ, ಅಂದ್ರೆ ಮೇ ಎರಡನೇ ವಾರದವರೆಗೆ ಕೊರಮೀನಿಗೆ ಗಾಳ. ಕೃತ್ತಿಕೆ, ರೋಹಿಣಿಯಲ್ಲಿ ಕೆರೆಗೆ ಹೊಸ ನೀರು ಬಂತೋ, ಅಲ್ಲಿಗೆ ರಬ್ಬರ್ ಕಪ್ಪೆ ಪೆಟ್ಟಿಗೆಗೆ. ಆಮೇಲೆ ಯಾವ ತಿಂಗಳಲ್ಲೇ ಆಗಲಿ, ಮರಿ ಚೆಂಡು ಕಂಡ ಕಡೆ ಗಾಳ ಇಲ್ಲ. ಒಂದು ಅಡಿಗಿಂತ ಚಿಕ್ಕದು ವಾಪಸ್ ನೀರಿಗೆ. ಒಂದು ಮನೆಗೆ ಒಂದು ಮೀನು ಸಾಕು. ಕೆರೆ ಗುಂಡಿಯಷ್ಟಕ್ಕೆ ಇಳಿದಿದ್ರೆ ಆ ಒಂದೂ ಬೇಡ.

ಬಿಟ್ಟುಬಿಡೋದು ಅಂದ್ರೆ ಕೆಲವರು ನಗ್ತಾರೆ. ಕಾವೇರಿಯ ಕಥೆ ನೋಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡ್, ಅಂದ್ರೆ 54 ಕಿಲೋ ತೂಗಿತ್ತು. ಮುಂದೆ ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಲ್ಲಿ ಹಿಡಿದು, ತೂಕ ನೋಡಿ, ಬಿಡೋ ಪದ್ಧತಿ ವರ್ಷಾನುಗಟ್ಟಲೆ ನಡೀತು. ಆದರೂ ಅದೇ ಕಾವೇರಿಯ ದೊಡ್ಡ ಮಹಸೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಅಷ್ಟು ದೊಡ್ಡ ನದಿಯಲ್ಲೇ ಹೀಗೆ ಆಯ್ತು ಅಂದ ಮೇಲೆ ನಮ್ಮ ಹತ್ತು ಎಕರೆ ಕೆರೆ ಯಾವ ಲೆಕ್ಕ?

ಹೋಗೋ ಮುಂಚೆ ನಾಲ್ಕು ಮಾತು. ಒಂದು, ಕೆರೆ, ಜಲಾಶಯದ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರಿಕೆ ಇಲಾಖೆಯಿಂದಲೋ ಪಂಚಾಯಿತಿಯಿಂದಲೋ ಗುತ್ತಿಗೆಗೆ ಹೋಗಿರುತ್ತೆ. ಗುತ್ತಿಗೆ ಹಿಡಿದವರನ್ನು ಕೇಳಿ, ದುಡ್ಡು ಕೊಡಿ ಅಂದ್ರೆ ಕೊಟ್ಟು ಕೂರಿ. ನಮಗೆ ಶೋಕಿ, ಅವರಿಗೆ ಹೊಟ್ಟೆಪಾಡು. ಎರಡು, ಬತ್ತಿದ ಕೆರೆಯಂಗಳ ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಸೊಂಟದವರೆಗೆ ಹೂಳು. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣಲ್ಲ. ಸಿಕ್ಕಿಕೊಂಡ ಕಪ್ಪೆ ಬಿಡಿಸೋಕೆ ನೀರಿಗೆ ಇಳೀಬೇಡಿ, ನೂರೈವತ್ತು ರೂಪಾಯಿ ಹೋದ್ರೆ ಹೋಗಲಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಏರಿ ಬಿಟ್ಟು ಇಳಿಸಬೇಡಿ. ಮೂರು, ನೀರಿಗೆ ಕರೆಂಟು ಬಿಡೋದು, ಮದ್ದು ಸಿಡಿಸೋದು, ವಿಷ ಹಾಕೋದು ಕಂಡ್ರೆ ಪೊಲೀಸರಿಗೆ ಹೇಳಿ. ಮದ್ದು ಮತ್ತು ವಿಷಕ್ಕೆ 1897ರ ಮೀನುಗಾರಿಕೆ ಕಾಯಿದೆಯಿಂದಲೂ ನಿಷೇಧ ಇದೆ. ನಾಲ್ಕು, ದೇವಸ್ಥಾನದ ಆಸುಪಾಸು, ಅದರಲ್ಲೂ ಶುಕ್ರವಾರ, ಗಾಳ ಹಿಡ್ಕೊಂಡು ಓಡಾಡಬೇಡಿ. ಭಕ್ತರ ಮನಸ್ಸಿಗೆ ನೋವಾಗೋದು ನಮ್ಮ ಹವ್ಯಾಸಕ್ಕೆ ಬೇಕಿಲ್ಲ.

ಮನೆಗೆ ತಂದ ಆ ಒಂದು ಮೀನಿನ ಬಗ್ಗೆ ಅಮ್ಮಂದಿರಿಗೆ ಹೇಳೋದೇನೂ ಇಲ್ಲ, ಅವರಿಗೇ ಚೆನ್ನಾಗಿ ಗೊತ್ತು. ಮುಳ್ಳು ಕಮ್ಮಿ, ಮಾಂಸ ಗಟ್ಟಿ, ಮಕ್ಕಳಿಗೂ ತಿನ್ನಿಸಬಹುದು. ಮಲೇಷ್ಯಾದಲ್ಲಿ ಆಪರೇಷನ್ ಆದವರಿಗೆ, ಬಾಣಂತಿಯರಿಗೆ ಗಾಯ ಮಾಯಲಿ ಅಂತ ಇದೇ ಮೀನಿನ ಸಾರು ಕೊಡೋ ವಾಡಿಕೆ ಇದೆ. ಬೂದಿ ಹಚ್ಚಿ ಲೋಳೆ ತೆಗೆದು, ಹುಣಸೆಹುಳಿ ಸ್ವಲ್ಪ ಮುಂದಾಗಿ ಹಾಕಿ ಸಾರು ಮಾಡಿ, ಬಿಸಿ ಮುದ್ದೆ ಜೊತೆ ಉಣ್ಣಿ.

ಮುಂದಿನ ಶನಿವಾರ ಬರೋರು ಬನ್ನಿ. ಭರಣಿ ಮುಗಿಯೋಕೆ ಇನ್ನೂ ದಿನ ಇದೆ. ಹೊಸ ನೀರು ಬಂದ ಮೇಲೆ ಬರೋರು ಗಾಳ ಮನೆಯಲ್ಲೇ ಬಿಟ್ಟು ಬನ್ನಿ, ಮಕ್ಕಳನ್ನು ಕರ್ಕೊಂಡು ಬನ್ನಿ. ಏರಿ ಮೇಲೆ ನಿಂತು ಆ ಕೆಂಪು ಮರಿ ಚೆಂಡನ್ನು ಅವರಿಗೆ ತೋರಿಸೋಣ.