ಸ್ಟಿಯರಿಂಗ್ ಆಯಿಲು: ಹೊಯ್ಯುವ ಮೊದಲು ಮುಚ್ಚಳ ಓದಿ

ಪವರ್ ಸ್ಟಿಯರಿಂಗಿನ ಆಯಿಲು ಉರಿದು ಕಡಿಮೆಯಾಗುವಂಥದ್ದಲ್ಲ. ಡಬ್ಬಿ, ಪಂಪು, ಪೈಪು, ಸ್ಟಿಯರಿಂಗ್ ಬಾಕ್ಸು - ಇಷ್ಟರೊಳಗೇ ಅದರ ತಿರುಗಾಟ. ಡಬ್ಬಿಯಲ್ಲಿ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸ್ಪ್ರಿಂಕ್ಲರ್ ಪೈಪು ಒಡೆದರೆ ನಾವು ಒಡೆದ ಜಾಗ ಹುಡುಕುತ್ತೇವೆ. ಹಳೇ ಕಾರಿನ ವಿಷಯದಲ್ಲಿ ಮಾತ್ರ 'ಒಂದಿಷ್ಟು ಹೊಯ್ದರಾಯ್ತು' ಅಂತೇವೆ. ಇದು ಸರಿಯಲ್ಲ.

ನಮ್ಮ ಪರಿಚಯದ ಕೃಷಿಕರೊಬ್ಬರ ಸೆಕೆಂಡ್‌ಹ್ಯಾಂಡ್ ಜೀಪಿಗೆ ತಿಂಗಳು ತಿಂಗಳು ಗ್ಯಾರೇಜಿನಲ್ಲಿ ಆಯಿಲು ಹೊಯ್ಯುತ್ತಿದ್ದರು. ಕೊನೆಗೆ ಪಂಪೇ ಹೋಯಿತು. ಬಿಚ್ಚಿ ನೋಡಿದರೆ ವಾಪಸು ಬರುವ ಪೈಪಿನ ಕ್ಲಾಂಪು ಸಡಿಲ! ಅಡಿಕೆ ಕೊಯ್ಲಿನ ಹೊತ್ತಿಗೆ ಗಾಡಿ ಮೂಲೆ ಸೇರಿದರೆ ನಷ್ಟ ಪಂಪಿನದ್ದು ಮಾತ್ರವೇ?

ಇನ್ನು ಯಾವ ಆಯಿಲು? 'ಕೆಂಪಗಿದ್ದರೆ ಸಾಕು' ಅನ್ನುವವರಿದ್ದಾರೆ. ಕೆಂಪು ಬರೀ ಬಣ್ಣ, ಗುಣವಲ್ಲ. ಡಬ್ಬಿಯ ಮುಚ್ಚಳದಲ್ಲೋ ಗಾಡಿಯ ಕೈಪಿಡಿಯಲ್ಲೋ ಹೆಸರು ಬರೆದಿರುತ್ತದೆ. ಟೊಯೋಟಾದ ಹಳೇ ಗಾಡಿಗಳಿಗೆ ಡೆಕ್ಸ್‌ರಾನ್ ಜಾತಿಯ ಎಟಿಎಫ್. ಹೋಂಡಾದವರು ತಮ್ಮದೇ ಆಯಿಲು ಹಾಕಿ ಅಂತಾರೆ. ಯುರೋಪಿನ ಕೆಲವು ಕಾರುಗಳಿಗೆ ಹಸುರು ಬಣ್ಣದ್ದೇ ಬೇಕು. ಡೆಕ್ಸ್‌ರಾನ್ ಎಂಬುದು ಅಮೆರಿಕದ ಜನರಲ್ ಮೋಟರ್ಸ್ 1967ರಲ್ಲಿ ತಂದ ಹೆಸರು. ಡೆಕ್ಸ್‌ರಾನ್-3ಕ್ಕೆ ಪರವಾನಗಿ ಕೊಡುವುದನ್ನು ಆ ಕಂಪೆನಿ 2006ರ ಕೊನೆಗೆ ನಿಲ್ಲಿಸಿತು. ಈಗ ಬಾಟಲಿಯಲ್ಲಿ ಆ ಹೆಸರು ಕಂಡರೆ, ಒಳಗಿನ ಗುಣಕ್ಕೆ ತಯಾರಿಸಿದವನೇ ಹೊಣೆ. ಹಾಗಾಗಿ ಗುರುತಿರುವ ಕಂಪೆನಿಯದ್ದೇ, ಸೀಲು ಒಡೆಯದ್ದೇ ಕೊಳ್ಳಿ. ಬ್ರೇಕ್ ಆಯಿಲನ್ನಂತೂ ಹೊಯ್ಯಲೇಬೇಡಿ. ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ನಾನು ಮಾಡುವ ಕ್ರಮ ಇಷ್ಟೇ. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡುವುದು. ಮುಚ್ಚಳದ ಸುತ್ತಲಿನ ಧೂಳು ಒರೆಸಿಯೇ ತೆರೆಯುವುದು. ಬಿಸಿಗೆ ಒಂದು, ತಣ್ಣಗಿರುವಾಗ ಒಂದು ಗುರುತಿದ್ದರೆ ಆಯಾ ಗುರುತಿನಷ್ಟೇ, ಸ್ವಲ್ಪ ಸ್ವಲ್ಪವೇ ಹೊಯ್ಯುವುದು. ಆಯಿಲು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಾಯಿಸುವ ಕಾಲ ಬಂತೆನ್ನಿ. ದನಕ್ಕೆ ಮದ್ದು ಕೊಡುವಂಥ ದೊಡ್ಡ ಸಿರಿಂಜು ಒಂದನ್ನು ಇದಕ್ಕೇ ಬೇರೆ ಇಟ್ಟುಕೊಂಡರೆ ಡಬ್ಬಿಯದ್ದನ್ನು ಎಳೆದು ತೆಗೆಯಬಹುದು. ಹೊಸತು ಹಾಕಿ, ಒಂದಷ್ಟು ಓಡಿಸಿ, ಮತ್ತೆ ಹಾಗೇ ಎರಡು ಮೂರು ಸಲ. ತೆಗೆದದ್ದನ್ನು ತೋಟಕ್ಕೆ, ಬಾವಿಯ ಬದಿಗೆ ಚೆಲ್ಲಬೇಡಿ.

ನೊರೆ ಕಂಡರೆ ಗಾಳಿ ಹೊಕ್ಕಿದೆ. ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಸ್ಟಾಂಡು ಕೊಟ್ಟು, ಸ್ಟಿಯರಿಂಗನ್ನು ಆಚೆ ಈಚೆ ಕೊನೆಯವರೆಗೆ ನಿಧಾನಕ್ಕೆ ತಿರುಗಿಸಿದರೆ ಗಾಳಿ ಹೊರಡುತ್ತದೆ. ಪೂರ್ತಿ ತಿರುಗಿಸಿ ಒತ್ತಿ ಹಿಡಿಯಬಾರದು, ಪಂಪು ಕಾಯುತ್ತದೆ. ಆಯಿಲು ಸರಿಯಿದ್ದೂ ಸ್ಟಿಯರಿಂಗ್ ಗಟ್ಟಿಯಾದರೆ ಮೊದಲು ಬೆಲ್ಟು ನೋಡಿ. ಕರೆಂಟಿನ ಪವರ್ ಸ್ಟಿಯರಿಂಗಿರುವ ಕಾರಿಗೆ ಸಾಮಾನ್ಯವಾಗಿ ಈ ಆಯಿಲೇ ಇಲ್ಲ; ಅದಕ್ಕೂ ಬಿಲ್ಲು ಹಾಕಿದರೆ ವಿಚಾರಿಸಿ.

ಮೆಕ್ಯಾನಿಕರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳದಿದ್ದರೆ ಅವರು ಹುಡುಕುವುದಿಲ್ಲ, ಅಷ್ಟೆ. 'ಸೋರುವ ಜಾಗ ತೋರಿಸಿ, ಮತ್ತೆ ಆಯಿಲು ಹೊಯ್ಯಿರಿ' ಎಂದು ಹೇಳುವ ಅಭ್ಯಾಸ ನಮಗಾಗಬೇಕು.